ಗೆಳತಿ ನನ್ನ ದೀಕ್ಷಾಸ್ನಾನವನ್ನೇ ಒಪ್ಪುವುದಿಲ್ಲ, ಅವಳ ಜೊತೆ ಪ್ರಾರ್ಥನೆಗೆ ಕೂರುವುದು ಹೇಗೆ?

ಪ್ರಶ್ನೆ: ನನಗೆ 34 ವರ್ಷ. ಆಫೀಸಿನಲ್ಲಿ ಪರಿಚಯವಾದ ನಾವು ಐದು ಜನ ಹೆಂಗಸರು ಆರು ವರ್ಷದಿಂದ ಪ್ರತಿ ಗುರುವಾರ ಸಂಜೆ ಪ್ರಾರ್ಥನೆಗೆ ಸೇರುತ್ತೇವೆ. ನಾನು ಮೂರು ತಿಂಗಳ ಕೂಸಾಗಿದ್ದಾಗಲೇ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆದವಳು, 16ಕ್ಕೆ ದೃಢೀಕರಣ, ಅಂದರೆ ನಂಬಿಕೆಯನ್ನು ನಾನೇ ಸಭೆಯೆದುರು ಒಪ್ಪಿಕೊಳ್ಳುವ ಆರಾಧನೆ, ಆಯಿತು. ಗುಂಪಿನಲ್ಲಿ ಒಬ್ಬಳು ನನ್ನ ಸಭೆಯವಳೇ, ಒಬ್ಬಳು ಕ್ಯಾಥೊಲಿಕ್, ಇಬ್ಬರು ಪೆಂತೆಕೋಸ್ತ ಸಭೆಯವರು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ 11 ರಾತ್ರಿ ಸರದಿಯ ಮೇಲೆ ಬಂದು ಕೂತವರು ಇವರೇ.

ಈ ವರ್ಷ ಎಲ್ಲ ಕೆಟ್ಟಿತು. ಪೆಂತೆಕೋಸ್ತ ಗೆಳತಿಯೊಬ್ಬಳು, ‘ನೀನು ಇನ್ನೂ ದೀಕ್ಷಾಸ್ನಾನ ತಗೊಂಡಿಲ್ಲ, ನಿನ್ನ ತಲೆಗೆ ನೀರು ಹಾಕಿದ್ದಾರೆ ಅಷ್ಟೇ’ ಅಂದಳು. ಆಮೇಲೆ ಕ್ಯಾಥೊಲಿಕ್ ಗೆಳತಿಯ ತಂದೆಯ ಅಂತ್ಯಸಂಸ್ಕಾರದ ಪೂಜೆಗೆ ಹೋಗಿದ್ದೆ. ನಾನು ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತೆಗೆದುಕೊಳ್ಳಬಹುದಾ ಅಂತ ಕೇಳಿದ್ದಕ್ಕೆ ಆಗುವುದಿಲ್ಲ ಅಂದಳು. ಎಲ್ಲರೂ ಎದ್ದು ಹೋದರು, ನಾನೊಬ್ಬಳೇ ಬೆಂಚಿನ ಮೇಲೆ ಕೂತಿದ್ದೆ. ಅಳು ಬಂತು. ಇದನ್ನೆಲ್ಲ ನಮ್ಮ ಪಾಸ್ಟರ್‌ಗೆ ಹೇಳಿದರೆ ಅವರು ‘ಇಜ್ಜೋಡಾಗಬೇಡಿರಿ’ (ಹೊಂದದವರ ಜೊತೆ ಜೋಡಿಯಾಗಬೇಡಿ) ಅನ್ನುವ ಬೈಬಲ್ ವಾಕ್ಯ ತೆಗೆದು, ಬೇರೆ ಪಂಗಡದವರ ಜೊತೆ ಸೇರುವುದೆಂದರೆ ಸತ್ಯದ ವಿಷಯದಲ್ಲಿ ರಾಜಿಯಾದ ಹಾಗೆ ಅಂದರು.

ಈಗ ನನ್ನ ಸಭೆಯ ಗೆಳತಿಯೇ ಮುಂದಿನ ತಿಂಗಳು ಮುಳುಗು ದೀಕ್ಷಾಸ್ನಾನ ತೆಗೆದುಕೊಳ್ಳುತ್ತಿದ್ದಾಳೆ. ‘ನೀನು ಬರಲೇಬೇಕು’ ಅಂತ ಕರೆದಿದ್ದಾಳೆ. ಮೂರು ವಾರದಿಂದ ನಾನು ಗುರುವಾರ ಹೋಗಿಲ್ಲ. ನಮ್ಮ ಅನ್ಯೋನ್ಯತೆ ಸುಳ್ಳಾಗಿತ್ತಾ? ನಾನೂ ಮತ್ತೆ ದೀಕ್ಷಾಸ್ನಾನ ತೆಗೆದುಕೊಳ್ಳಬೇಕಾ? ಅವಳದಕ್ಕೆ ಹೋಗಲಾ ಬೇಡವಾ?

ಉತ್ತರ: ಮೊದಲು ನಾನು ಯಾವ ಕಡೆಯವನು ಅನ್ನುವುದನ್ನು ಹೇಳಿಬಿಡುತ್ತೇನೆ. ಶಿಶುಗಳಿಗೂ ದೀಕ್ಷಾಸ್ನಾನ ಕೊಡುವ ಪ್ರೊಟೆಸ್ಟೆಂಟ್ ಸಭೆಯೊಂದರ ಸಭಾಪಾಲಕ ನಾನು. 26 ವರ್ಷದ ಸೇವೆಯಲ್ಲಿ ಬೇರೆ ಬೇರೆ ಪಂಗಡದಿಂದ ಬಂದು ಮದುವೆಯಾಗುವ ಜೋಡಿಗಳ ಜೊತೆ ಕೂತು ಮಾತಾಡಿದ್ದೇ ಜಾಸ್ತಿ. ದೀಕ್ಷಾಸ್ನಾನದ ವಿಷಯದಲ್ಲಿ ನನ್ನ ಮನಸ್ಸು ನಿಮ್ಮ ಸಭೆಯ ಕಡೆಗೇ ವಾಲುತ್ತದೆ. ಅದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಿ.

ನಿಮಗೆ ಆಗಿರುವ ನೋವು ಒಂದಲ್ಲ, ಮೂರು. ಗೆಳತಿ ನಿಮ್ಮ ದೀಕ್ಷಾಸ್ನಾನವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಅನ್ನುವುದು ಒಂದು. ಬೆಂಚಿನ ಮೇಲೆ ಒಬ್ಬರೇ ಉಳಿದದ್ದು ಇನ್ನೊಂದು. ಪಾಸ್ಟರ್ ಮಾತಿನಿಂದ ಹುಟ್ಟಿದ ತಪ್ಪಿತಸ್ಥ ಭಾವನೆ ಮೂರನೆಯದು. ಮೂರನ್ನೂ ಸೇರಿಸಿ ಗಂಟು ಕಟ್ಟಿ, ‘ನಮ್ಮ ಅನ್ಯೋನ್ಯತೆ ಸುಳ್ಳಾ’ ಅಂತ ಕೇಳುತ್ತಿದ್ದೀರಿ. ಗಂಟು ಬಿಚ್ಚದೆ ಉತ್ತರ ಕೊಟ್ಟರೆ ಅದು ಸುಮ್ನೆ ಸಮಾಧಾನದ ಮಾತಾಗುತ್ತದೆ.

ಅನ್ಯೋನ್ಯತೆ ಅನ್ನುವ ಒಂದೇ ಮಾತಿನಲ್ಲಿ ನಾವು ಎಷ್ಟೋ ಸಂಗತಿಗಳನ್ನು ತುಂಬಿಬಿಡುತ್ತೇವೆ. ಒಬ್ಬರಿಗೊಬ್ಬರು ಆಗುವುದು, ಒಟ್ಟಿಗೆ ಪ್ರಾರ್ಥಿಸುವುದು, ಒಟ್ಟಿಗೆ ಕೆಲಸ ಮಾಡುವುದು, ಒಂದೇ ಮೇಜಿನಿಂದ ಕರ್ತನ ಭೋಜನ (ಆರಾಧನೆಯ ರೊಟ್ಟಿ-ದ್ರಾಕ್ಷಾರಸ, ಕ್ಯಾಥೊಲಿಕರ ಪರಮಪ್ರಸಾದ) ತೆಗೆದುಕೊಳ್ಳುವುದು, ಒಂದೇ ಸಭೆಯ ಸದಸ್ಯರಾಗಿರುವುದು. ಇವು ಐದೂ ಬೇರೆ ಬೇರೆ. ಒಂದು ಭಿನ್ನಾಭಿಪ್ರಾಯ ಇವುಗಳಲ್ಲಿ ಒಂದಕ್ಕೋ ಎರಡಕ್ಕೋ ಅಡ್ಡ ಬರಬಹುದು, ಐದಕ್ಕೂ ಅಲ್ಲ. ನಿಮ್ಮ ಗುಂಪಿನಲ್ಲಿ ಮೊದಲ ಮೂರು ಆರು ವರ್ಷ ಚೆನ್ನಾಗಿಯೇ ನಡೆದವು. ನಾಲ್ಕನೆಯದು ಮತ್ತು ಐದನೆಯದು ಮೊದಲಿಂದಲೂ ಇರಲೇ ಇಲ್ಲ. ಈ ವರ್ಷ ಹೊಸದಾಗಿ ಏನೂ ಮುರಿಯಲಿಲ್ಲ. ಇಲ್ಲದ್ದು ಇಲ್ಲ ಅನ್ನುವುದು ಮೊದಲ ಸಲ ನಿಮ್ಮ ಕಣ್ಣಿಗೆ ಬಿತ್ತು. ಆಸ್ಪತ್ರೆಯ ಆ 11 ರಾತ್ರಿಗಳು ಸುಳ್ಳಾಗಲು ಹೇಗೆ ಸಾಧ್ಯ?

ಪಾಸ್ಟರ್ ತೆಗೆದ ವಾಕ್ಯವನ್ನು ಮೊದಲು ನೋಡೋಣ. ಅದು ಬೇಗ ಮುಗಿಯುತ್ತದೆ. ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 6ನೇ ಅಧ್ಯಾಯದಲ್ಲಿ ಇಜ್ಜೋಡಾಗಬೇಡಿ ಅನ್ನುವುದು ಕ್ರಿಸ್ತನಲ್ಲಿ ನಂಬಿಕೆಯೇ ಇಲ್ಲದವರ ಬಗ್ಗೆ. ಮುಂದಿನ ಸಾಲುಗಳಲ್ಲೇ ವಿಗ್ರಹಗಳ ಮಾತು ಬರುತ್ತದೆ. ಬೇರೆ ರೀತಿ ದೀಕ್ಷಾಸ್ನಾನ ಪಡೆದ ಕ್ರೈಸ್ತರು ಅಲ್ಲಿ ಎಲ್ಲೂ ಇಲ್ಲ. ಇದೇ ಥರ ಎಳೆದು ತರುವ ಇನ್ನೊಂದು ವಾಕ್ಯ ಯೋಹಾನನ ಎರಡನೆಯ ಪತ್ರದ್ದು, ಇಂಥವರನ್ನು ಮನೆಗೆ ಸೇರಿಸಬೇಡಿ ಅನ್ನುವುದು. ಯಾರನ್ನು ಅಂತ 7ನೇ ವಚನದಲ್ಲೇ ಇದೆ, ಯೇಸು ಕ್ರಿಸ್ತ ಮನುಷ್ಯನಾಗಿ ಬಂದದ್ದನ್ನು ಒಪ್ಪದವರನ್ನು. ನಿಮ್ಮ ಐವರಲ್ಲಿ ಅಂಥವರು ಯಾರೂ ಇಲ್ಲ. ಪಂಗಡದ ಜಗಳಕ್ಕೆ ಪೌಲ ನೇರವಾಗಿ ಏನು ಹೇಳಿದ ಅಂತ ನೋಡಬೇಕಿದ್ದರೆ ಅದೇ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 1ನೇ ಅಧ್ಯಾಯ ತೆಗೆಯಿರಿ. ‘ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು’ ಅನ್ನುತ್ತಿದ್ದವರಿಗೆ ಅವನು, ಕ್ರಿಸ್ತ ಭಾಗವಾಗಿದ್ದಾನಾ ಅಂತ ಕೇಳುತ್ತಾನೆ.

ಹಾಗಂತ ನಿಮ್ಮ ಪಾಸ್ಟರ್ ಮೇಲೆ ಸಿಟ್ಟಾಗಬೇಡಿ. ಆ ವಾಕ್ಯದ ಹಿಂದೆ ಒಂದು ಭಯ ಇರುತ್ತದೆ, ನನಗೂ ಇದ್ದದ್ದೇ. ನಮ್ಮ ಸಭೆಯ ಒಬ್ಬಳು ಪ್ರಾರ್ಥನಾ ಗುಂಪಿಗೆ ಹೋಗುತ್ತಾಳೆ, ಎರಡು ವರ್ಷದ ಮೇಲೆ ಅವಳು ಬೇರೆ ಸಭೆಯಲ್ಲಿರುತ್ತಾಳೆ. ಪಾಸ್ಟರ್‌ಗಳು ಇದನ್ನು ಕುರಿ ಕದಿಯುವುದು ಅನ್ನುತ್ತಾರೆ. ಅದು ನಡೆಯುತ್ತದೆ, ಇಲ್ಲ ಅನ್ನಲಾರೆ. ನಿಮ್ಮ ಗುಂಪಿನಲ್ಲೇ ಒಬ್ಬಳು ಹೊರಟು ನಿಂತಿದ್ದಾಳಲ್ಲ. ಅವರ ಹತ್ತಿರ ಹೋಗಿ, ‘ನಿಮ್ಮ ಆತಂಕ ಉಪದೇಶದ ಬಗ್ಗೆಯಾ, ನಾನು ಹೊರಟುಹೋಗುತ್ತೇನೆ ಅಂತಲಾ?’ ಅಂತ ನೇರವಾಗಿ ಕೇಳಿ. ಎರಡನೆಯದಾಗಿದ್ದರೆ ಅವರಿಗೆ ಉತ್ತರ ಕೊಡುವುದು ಸುಲಭ.

ಇನ್ನು ಒಂದು ತಪ್ಪು ಕಲ್ಪನೆ. ಮೊದಲು ಎಲ್ಲರೂ ಒಂದೇ ಮನಸ್ಸಿನವರಾಗಿದ್ದರು, ಆಮೇಲೆ ಕೆಟ್ಟುಹೋಯಿತು ಅಂತ ನಾವು ಅಂದುಕೊಂಡಿರುತ್ತೇವೆ. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ಓದಿದರೆ ಆ ಕಲ್ಪನೆ ಉಳಿಯುವುದಿಲ್ಲ. ಸುನ್ನತಿಯ ಬಗ್ಗೆ ದೊಡ್ಡ ವಾಗ್ವಾದ ನಡೆದು ಯೆರೂಸಲೇಮಿನಲ್ಲಿ ತೀರ್ಮಾನವಾಗುತ್ತದೆ. ಅದೇ ಅಧ್ಯಾಯದ ಕೊನೆಯಲ್ಲಿ ಪೌಲ ಮತ್ತು ಬಾರ್ನಬ, ಮಾರ್ಕನನ್ನು ಕರೆದುಕೊಂಡು ಹೋಗಬೇಕೋ ಬೇಡವೋ ಅಂತ ಜಗಳವಾಡಿ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ತಮಾಷೆ ನೋಡಿ, ಉಪದೇಶದ ದೊಡ್ಡ ಪ್ರಶ್ನೆ ಕೂತು ಮಾತಾಡಿದ ಮೇಲೆ ಬಗೆಹರಿಯಿತು, ಒಬ್ಬ ಹುಡುಗನ ವಿಷಯ ಬಗೆಹರಿಯಲಿಲ್ಲ. ವರ್ಷಗಳ ಮೇಲೆ ಪೌಲ ಸೆರೆಯಿಂದ ತಿಮೊಥೆಯನಿಗೆ ಬರೆಯುವಾಗ, ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಅನ್ನುತ್ತಾನೆ. ನಡುವೆ ಏನಾಯಿತೋ ಬೈಬಲ್ ಹೇಳುವುದಿಲ್ಲ.

ಭಿನ್ನಾಭಿಪ್ರಾಯ ಅಂದಾಗಲೆಲ್ಲ ಯಾರಾದರೊಬ್ಬರು ‘ಕ್ರೈಸ್ತರಲ್ಲಿ 33,000 ಪಂಗಡ ಇವೆ’ ಅನ್ನುತ್ತಾರೆ. ಆ ಎಣಿಕೆಯಲ್ಲಿ ಒಂದೇ ಸಭೆ ಬೇರೆ ಬೇರೆ ದೇಶದಲ್ಲಿದ್ದರೆ ಪ್ರತಿ ದೇಶಕ್ಕೂ ಒಂದೊಂದು ಅಂತ ಸೇರಿಸಿದ್ದಾರೆ. ಕ್ಯಾಥೊಲಿಕರನ್ನೂ ಹಾಗೇ ಎಣಿಸಿದ್ದಾರೆ. ಆ ಸಂಖ್ಯೆಗೆ ಹೆದರಬೇಡಿ.

ಈಗ ದೀಕ್ಷಾಸ್ನಾನ. ಇಲ್ಲಿ ನಿಧಾನವಾಗಿ ಹೋಗಬೇಕು, ಯಾಕೆಂದರೆ ನಿಮ್ಮ ಗೆಳತಿಯ ಮಾತು ನಿಮಗೆ ಅವಮಾನದ ಹಾಗೆ ಕೇಳಿಸಿದೆ. ಅವಳ ಕಡೆಯಿಂದ ಅದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಹೊಸ ಒಡಂಬಡಿಕೆಯಲ್ಲಿ ಬಿಡಿಸಿ ಹೇಳಿರುವ ದೀಕ್ಷಾಸ್ನಾನಗಳಲ್ಲಿ ಮೊದಲು ಕೇಳುತ್ತಾರೆ, ನಂಬುತ್ತಾರೆ, ಆಮೇಲೆ ನೀರಿಗಿಳಿಯುತ್ತಾರೆ. ಗ್ರೀಕ್ ಮೂಲದ ಆ ಪದಕ್ಕೇ ಮುಳುಗಿಸು ಅನ್ನುವ ಅರ್ಥವಿದೆ. ಹಾಗಾಗಿ ನಂಬಲು ಬಾರದ ಕೂಸಿಗೆ ಆದದ್ದು ಅವಳ ಲೆಕ್ಕದಲ್ಲಿ ಕೊರತೆಯಿರುವ ದೀಕ್ಷಾಸ್ನಾನವೂ ಅಲ್ಲ, ದೀಕ್ಷಾಸ್ನಾನವೇ ಅಲ್ಲ. ಅವಳು ನಿಮಗೆ ಎರಡನೆಯ ಸಲ ತಗೋ ಅನ್ನುತ್ತಿಲ್ಲ. ಮೊದಲ ಸಲ ತಗೋ ಅನ್ನುತ್ತಿದ್ದಾಳೆ. ನಿಮ್ಮ ಸಭೆಗಾದರೋ ಅದು ಎರಡನೆಯದು. ದೇವರು ಒಮ್ಮೆ ಕೊಟ್ಟ ಮಾತನ್ನು ನಂಬದೆ ಇನ್ನೊಮ್ಮೆ ಕೇಳಿದ ಹಾಗೆ. ಲುದ್ಯಳ ಮನೆಯವರೆಲ್ಲ, ಸೆರೆಮನೆಯ ಅಧಿಕಾರಿಯ ಮನೆಯವರೆಲ್ಲ ದೀಕ್ಷಾಸ್ನಾನ ಪಡೆದರು ಅಂತ ಕೃತ್ಯಗಳು 16ರಲ್ಲಿದೆ. ನಾವು ಪ್ರತಿಕ್ರಿಯಿಸುವ ಮೊದಲೇ ಕೃಪೆ ಬರುತ್ತದೆ ಅನ್ನುವುದು ನಮ್ಮ ವಾದ. ಆ ಮನೆಗಳಲ್ಲಿ ಕೂಸುಗಳಿದ್ದವಾ? ಬೈಬಲ್ ಇದ್ದವು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ.

ಇತಿಹಾಸ ನೋಡಿದರೂ ಎರಡೂ ಕಡೆಗೆ ಸಾಕ್ಷಿ ಸಿಗುತ್ತದೆ. ಕ್ರಿ.ಶ. 200ರ ಸುಮಾರಿಗೆ ತೆರ್ತುಲಿಯನ್ ಅನ್ನುವ ಲೇಖಕ ಮಕ್ಕಳಿಗೆ ದೀಕ್ಷಾಸ್ನಾನ ಕೊಡಲು ಅವಸರ ಬೇಡ ಅಂತ ವಾದಿಸಿದ. ಬೇಡ ಅಂದ ಅಂದರೆ ಆಗಲೇ ನಡೆಯುತ್ತಿತ್ತು ಅಂತಾಯಿತು, ಅಲ್ವಾ? ಆದರೆ ಬೇಡ ಅನ್ನಲು ಅವನಿಗೆ ಸಾಧ್ಯವಾಯಿತು ಅಂದರೆ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ ಅಂತಲೂ ಆಯಿತು. ಮುಂದೆ 255-256ರ ಹೊತ್ತಿಗೆ ಇನ್ನೊಂದು ಜಗಳ. ಸಭೆಯಿಂದ ಒಡೆದುಹೋದವರ ಕೈಯಲ್ಲಿ ದೀಕ್ಷಾಸ್ನಾನ ಪಡೆದವರು ವಾಪಸ್ ಬಂದರೆ ಮತ್ತೆ ಕೊಡಬೇಕಾ? ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಕೊಡಬೇಕು ಅಂದರು. ರೋಮಿನ ಬಿಷಪ್ ಸ್ತೆಫೆನ್ ಬೇಡ, ಕೈಯಿಟ್ಟು ಬರಮಾಡಿಕೊಂಡರೆ ಸಾಕು ಅಂದರು. ಮಾತು ಬಹಳ ಬಿರುಸಾಗಿಯೇ ನಡೆಯಿತು. ಇಂದು ಆ ಇಬ್ಬರೂ ಸಂತರ ಪಟ್ಟಿಯಲ್ಲಿದ್ದಾರೆ. ನಿಮ್ಮ ಗುರುವಾರದ ಜಗಳಕ್ಕೆ 1,700 ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ.

ಇನ್ನೊಂದು ಸಂಗತಿಯನ್ನು ನಮ್ಮಂಥ ಸಭೆಗಳವರು ಮರೆಯಬಾರದು. 1525ರಲ್ಲಿ ಜ್ಯೂರಿಕ್‌ನಲ್ಲಿ ಕೆಲವರು ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿಯಲ್ಲಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದದ್ದು ಪ್ರೊಟೆಸ್ಟೆಂಟ್ ಸುಧಾರಣೆಯನ್ನು ಒಪ್ಪಿಕೊಂಡಿದ್ದ ಅದೇ ಊರಿನ ಆಡಳಿತ. ಕೊಲ್ಲಲು ನೀರನ್ನೇ ಆರಿಸಿಕೊಂಡರು. ಆ ಚಳವಳಿಯವರ ಮೇಲೆ ನಡೆದ ಹಿಂಸೆಗಾಗಿ ಲುಥೆರನ್ ಸಭೆಗಳ ವಿಶ್ವ ಒಕ್ಕೂಟ ಆ ಪರಂಪರೆಯವರಾದ ಮೆನೊನೈಟರ ಕ್ಷಮೆ ಕೇಳಿದ್ದು 2010ರಲ್ಲಿ. ನಿಮ್ಮ ಗೆಳತಿ ‘ನಂಬಿದ ಮೇಲೆಯೇ ದೀಕ್ಷಾಸ್ನಾನ’ ಅನ್ನುವಾಗ ಅವಳ ದನಿಯಲ್ಲಿ ಹಟ ಕಾಣಿಸಿದರೆ ಆ ಹಟಕ್ಕೆ ಹಿಂದೆ ಕೆಲವರು ಜೀವ ಕೊಟ್ಟಿದ್ದಾರೆ. ಅವಳಿಗೆ ಈ ಇತಿಹಾಸ ಗೊತ್ತಿಲ್ಲದೆಯೂ ಇರಬಹುದು.

ಹಾಗಾದರೆ ನೀವೇನು ಮಾಡಬಹುದು? ನಿಮ್ಮ ದೀಕ್ಷಾಸ್ನಾನ ನಿಮಗೆ ಸಾಕು ಅನ್ನಿಸಿದರೆ ಅಲ್ಲೇ ನಿಲ್ಲಿ. ದೊಡ್ಡವಳಾಗಿ ನೀವೇ ಬಾಯಿಬಿಟ್ಟು ನಂಬಿಕೆ ಹೇಳಿಕೊಳ್ಳಬೇಕು ಅನ್ನುವ ಆಸೆ ಇದ್ದರೆ ಅದು ಒಳ್ಳೆಯ ಆಸೆಯೇ. ಅದಕ್ಕೆ ನಿಮ್ಮ ದೃಢೀಕರಣವೇ ಇತ್ತು. ಅದೂ ಸಾಲದು ಅಂದರೆ ಹಲವು ಸಭೆಗಳಲ್ಲಿ ದೀಕ್ಷಾಸ್ನಾನದ ಪ್ರತಿಜ್ಞೆಯನ್ನು ಮತ್ತೆ ಮಾಡುವ ಆರಾಧನೆ ಇದೆ. ಕ್ಯಾಥೊಲಿಕರು ಅದನ್ನು ಪ್ರತಿವರ್ಷ ಈಸ್ಟರ್‌ನಲ್ಲಿ ಮಾಡುತ್ತಾರೆ. ಪಾಸ್ಟರ್‌ನ ಕೇಳಿ ನೋಡಿ. ಈ ದಾರಿಯಲ್ಲಿ ಕಷ್ಟ ಒಂದೇ, ಗೆಳತಿಗೆ ಇದು ಸಮಾಧಾನ ಕೊಡುವುದಿಲ್ಲ.

ಓದಿ, ಪ್ರಾರ್ಥಿಸಿ, ಅವಳು ಹೇಳುವುದೇ ನಿಜ ಅಂತ ನಿಮಗೇ ಮನವರಿಕೆಯಾದರೆ ಮುಳುಗು ದೀಕ್ಷಾಸ್ನಾನ ತೆಗೆದುಕೊಳ್ಳಿ. ನನಗೆ ಬೇಜಾರಾಗಬಹುದು, ಆದರೆ ನಿಮ್ಮ ಮನಸ್ಸಾಕ್ಷಿಯ ವಿರುದ್ಧ ನಡೆಯಿರಿ ಅಂತ ನಾನು ಹೇಳಲಾರೆ. ಅದರ ಪರಿಣಾಮ ಮಾತ್ರ ಮೊದಲೇ ತಿಳಿದುಕೊಂಡಿರಿ. ಕ್ಯಾಥೊಲಿಕ್, ಲುಥೆರನ್, ಆಂಗ್ಲಿಕನ್, ಮೆಥೊಡಿಸ್ಟ್ ಸಭೆಗಳೆಲ್ಲ ಇದನ್ನು ಮರು ದೀಕ್ಷಾಸ್ನಾನ ಅಂತಲೇ ನೋಡುತ್ತವೆ. 1982ರಲ್ಲಿ ಪೆರುವಿನ ಲೀಮಾದಲ್ಲಿ ಹಲವು ಸಭೆಗಳ ಪಂಡಿತರು ಸೇರಿ ಒಪ್ಪಿದ ಬರಹದಲ್ಲೂ, ಮರು ದೀಕ್ಷಾಸ್ನಾನ ಅಂತ ಅನ್ನಿಸುವ ಯಾವುದನ್ನೂ ಮಾಡಬಾರದು ಅಂತಿದೆ. ನೀವು ಸಂಡೇ ಸ್ಕೂಲ್ ಟೀಚರೋ ಕಮಿಟಿ ಸದಸ್ಯೆಯೋ ಆಗಿದ್ದರೆ ಆ ಜವಾಬ್ದಾರಿ ಹೋಗಬಹುದು. ತಂದೆತಾಯಿಗೆ, ನಾವು ಮಾಡಿಸಿದ್ದು ಸುಳ್ಳು ಅಂದ ಹಾಗೆ ಕೇಳಿಸಬಹುದು. ಮೊದಲೇ ಅವರ ಜೊತೆ ಕೂತು ಮಾತಾಡಿ.

ಇವೆರಡೂ ಅಲ್ಲದೆ, ಗುಂಪು ಉಳಿಯಲಿ ಅಂತ, ಗೆಳತಿಯ ಬಾಯಿ ಮುಚ್ಚಿಸಲಿಕ್ಕೆ ಅಂತ ತೆಗೆದುಕೊಳ್ಳುವುದು ಒಂದಿದೆ. ಅದನ್ನು ಮಾತ್ರ ಬೇಡವೇ ಬೇಡ ಅನ್ನುತ್ತೇನೆ. ಮದುವೆಗಾಗಿಯೋ ಒತ್ತಾಯಕ್ಕೋ ನೀರಿಗಿಳಿದವರು ಹತ್ತು ವರ್ಷದ ಮೇಲೂ ನನ್ನ ಹತ್ತಿರ ಬಂದು ಅದನ್ನೇ ಹೇಳಿಕೊಂಡು ಅತ್ತದ್ದಿದೆ.

ಎರಡು ಕ್ರಮಗಳೂ ಒಂದೇ ಸೂರಿನಡಿ ಇರುವುದು ಸಾಧ್ಯವೇ ಇಲ್ಲ ಅಂತ ಯಾರಾದರೂ ಅಂದರೆ ಒಪ್ಪಬೇಡಿ. 1970ರಲ್ಲಿ ಆಂಗ್ಲಿಕನರು, ಬ್ಯಾಪ್ಟಿಸ್ಟರು, ಬ್ರದರನ್, ಇನ್ನೂ ಕೆಲವರು ಸೇರಿ ಚರ್ಚ್ ಆಫ್ ನಾರ್ತ್ ಇಂಡಿಯಾ ಆದಾಗ ಶಿಶು ದೀಕ್ಷಾಸ್ನಾನ, ನಂಬಿದ ಮೇಲಿನ ದೀಕ್ಷಾಸ್ನಾನ ಎರಡಕ್ಕೂ ಜಾಗ ಇಟ್ಟುಕೊಂಡರು.

ಇನ್ನು ಆ ಬೆಂಚು.

ನಿಮ್ಮ ಗೆಳತಿ ನಿಮ್ಮನ್ನು ತಡೆದದ್ದು ನೀವು ಕಡಿಮೆಯವರು ಅಂತಲ್ಲ. ಕ್ಯಾಥೊಲಿಕರಿಗೆ ಪರಮಪ್ರಸಾದ ಅಂದರೆ ಕ್ರಿಸ್ತನ ದೇಹವೇ. ಜೊತೆಗೆ ಅದನ್ನು ಸ್ವೀಕರಿಸುವುದೆಂದರೆ ಈ ಧರ್ಮಸಭೆಯ ನಂಬಿಕೆ, ಅದರ ಬಿಷಪರು, ಪೋಪ್, ಎಲ್ಲದರ ಜೊತೆ ನಾನು ಒಂದಾಗಿದ್ದೇನೆ ಅಂತ ಎಲ್ಲರೆದುರು ಹೇಳಿದ ಹಾಗೆ. ನೀವು ಹಾಗೆ ಒಂದಾಗಿಲ್ಲವಲ್ಲ. ಒಂದಾಗಿಲ್ಲದೆ ಒಂದಾಗಿದ್ದೇನೆ ಅಂತ ದೇಹದಿಂದ ಹೇಳುವುದು ಸುಳ್ಳಾಗುತ್ತದೆ ಅನ್ನುವುದು ಅವರ ತರ್ಕ. 1983ರ ಅವರ ನಿಯಮ ಸಂಹಿತೆಯ 844ನೇ ನಿಯಮದಲ್ಲಿ ಪ್ರೊಟೆಸ್ಟೆಂಟರಿಗೂ ವಿನಾಯಿತಿ ಇದೆ, ಆದರೆ ಬಹಳ ಕಡಿಮೆ. ಸಾವಿನ ಅಪಾಯ ಅಥವಾ ಅಂಥದೇ ದೊಡ್ಡ ಅಗತ್ಯ ಇರಬೇಕು, ತನ್ನ ಸಭೆಯ ಸೇವಕರು ಸಿಗುವಂತಿರಬಾರದು, ತಾನಾಗಿಯೇ ಕೇಳಬೇಕು, ಆ ಸಂಸ್ಕಾರದ ಬಗ್ಗೆ ಕ್ಯಾಥೊಲಿಕ್ ನಂಬಿಕೆಯನ್ನೇ ಹೊಂದಿರಬೇಕು. ಅದೇ ನಿಯಮ ನಿಮ್ಮ ಗೆಳತಿಯನ್ನೂ ಕಟ್ಟಿಹಾಕುತ್ತದೆ. ಅವಳು ನಿಮ್ಮ ಸಭೆಗೆ ಬಂದರೆ ಕರ್ತನ ಭೋಜನದ ಹೊತ್ತಿಗೆ ಅವಳೂ ಬೆಂಚಿನ ಮೇಲೆಯೇ ಕೂರಬೇಕು.

ಇದು ಕ್ಯಾಥೊಲಿಕರ ಹಟ ಮಾತ್ರ ಅಂದುಕೊಳ್ಳಬೇಡಿ. ಆರ್ಥೊಡಾಕ್ಸ್ ಸಭೆಗಳ ನಿಯಮ ಇನ್ನೂ ಬಿಗಿ. 1054ರಲ್ಲಿ ರೋಮ್ (ಕ್ಯಾಥೊಲಿಕ್) ಮತ್ತು ಕಾನ್ಸ್ಟಾಂಟಿನೋಪಲ್ (ಆರ್ಥೊಡಾಕ್ಸ್) ಪರಸ್ಪರ ಹಾಕಿಕೊಂಡ ಬಹಿಷ್ಕಾರವನ್ನು ಪೋಪ್ ಆರನೇ ಪೌಲ್ ಮತ್ತು ಪೇಟ್ರಿಯಾರ್ಕ್ ಅಥೆನಗೋರಸ್ 1965ರ ಡಿಸೆಂಬರ್ 7ರಂದು ತೆಗೆದುಹಾಕಿದರು. ಶಾಪ ಹೋಯಿತು, ಆದರೆ ಇವತ್ತಿಗೂ ಮೇಜು ಒಂದಾಗಿಲ್ಲ. ಪ್ರೊಟೆಸ್ಟೆಂಟರಲ್ಲೂ ಕೆಲವು ಲುಥೆರನ್, ಬ್ಯಾಪ್ಟಿಸ್ಟ್, ಬ್ರದರನ್ ಸಭೆಗಳು ತಮ್ಮವರಿಗೆ ಮಾತ್ರ ಕೊಡುತ್ತವೆ. 1529ರಲ್ಲಿ ಮಾರ್ಬುರ್ಗ್‌ನಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆಯ ಇಬ್ಬರು ಮುಖಂಡರಾದ ಲೂಥರ್ ಮತ್ತು ಜ್ವಿಂಗ್ಲಿ ಮುಖಾಮುಖಿ ಕೂತರು. 15 ಅಂಶಗಳಲ್ಲಿ 14ಕ್ಕೆ ಒಪ್ಪಿಗೆಯಾಯಿತು. ಉಳಿದ ಒಂದರಲ್ಲೂ ಬಹುಪಾಲು ಒಪ್ಪಿದರು. ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿ ಇದೆಯೋ ಇಲ್ಲವೋ ಅನ್ನುವುದೊಂದು ಉಳಿಯಿತು. ಲೂಥರ್ ‘ಇದು ನನ್ನ ದೇಹ’ ಅನ್ನುವ ಮಾತನ್ನು ಲ್ಯಾಟಿನ್‌ನಲ್ಲಿ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡು ಕೂತಿದ್ದರು. ಯೂರೋಪಿನ ಲುಥೆರನ್ ಮತ್ತು (ಜ್ವಿಂಗ್ಲಿಯ ಕಡೆಯ) ರಿಫಾರ್ಮ್ಡ್ ಸಭೆಗಳಲ್ಲಿ ಬಹಳಷ್ಟು ಆ ಮೇಜಿಗೆ ಒಟ್ಟಿಗೆ ಬಂದದ್ದು 1973ರ ಲೊಯೆನ್‌ಬೆರ್ಗ್ ಒಪ್ಪಂದದ ಮೇಲೆ. ಎಣಿಸಿದರೆ 444 ವರ್ಷ. ನಿಮ್ಮ ಐವರಿಗೆ ಆರು ವರ್ಷದಲ್ಲಿ ಆಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಸಭೆಯ ಮೇಜು ಎಲ್ಲರಿಗೂ ತೆರೆದಿರಬಹುದು. ನನ್ನದೂ ತೆರೆದದ್ದೇ. ಆದರೆ ತೆರೆದ ಮೇಜಿನವರು ಮಾಡುವ ತಪ್ಪೂ ಇದೆ, ಅದನ್ನು ನಾನೇ ಮಾಡಿದ್ದೇನೆ. ಸಭಾಪಾಲಕನಾದ ಹೊಸದರಲ್ಲಿ ಒಂದು ಮದುವೆ ನಡೆಸಿಕೊಟ್ಟೆ. ಹುಡುಗನ ತಾಯಿ ಕ್ಯಾಥೊಲಿಕ್. ಕರ್ತನ ಭೋಜನದ ಹೊತ್ತಿಗೆ ಅವರು ಕೂತೇ ಇದ್ದರು. ನಾನು ದೊಡ್ಡ ಮನಸ್ಸಿನವನು ಅಂದುಕೊಂಡು, ‘ಇಲ್ಲಿ ಎಲ್ಲರಿಗೂ ಸ್ವಾಗತ, ಬನ್ನಿ ಅಮ್ಮ’ ಅಂತ ಎರಡು ಸಲ ಕರೆದೆ. ಇಡೀ ಸಭೆ ತಿರುಗಿ ನೋಡಿತು. ಅವರು ಎದ್ದು ಬಂದು ರೊಟ್ಟಿ ಕೈಗೆ ತಗೊಂಡು ಹೋದರು. ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದು ಕರ್ಚೀಫ್ ಬಿಚ್ಚಿದರು. ರೊಟ್ಟಿ ಅದರೊಳಗೇ ಇತ್ತು. ‘ತಿನ್ನಲು ಆಗಲಿಲ್ಲ ಫಾದರ್, ಎಲ್ಲೋ ಇಡಲೂ ಆಗಲಿಲ್ಲ, ನೀವೇ ತಗೊಳ್ಳಿ’ ಅಂದರು. ಅವತ್ತಿನಿಂದ ನಾನು ಒಮ್ಮೆ ಎಲ್ಲರಿಗೂ ಸೇರಿಸಿ ಕರೆಯುತ್ತೇನೆ, ಯಾರ ಮುಖವನ್ನೂ ನೋಡುವುದಿಲ್ಲ.

ಮುಂದಿನ ಸಲ ಪೂಜೆಗೆ ಹೋದಾಗ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿಟ್ಟುಕೊಂಡು ಸಾಲಿನಲ್ಲಿ ಹೋದರೆ ಕೆಲವು ಕಡೆ ಗುರುಗಳು ಆಶೀರ್ವಾದ ಕೊಡುತ್ತಾರೆ. ಅಲ್ಲಿ ಆ ರೂಢಿ ಇದೆಯಾ ಅಂತ ಗೆಳತಿಯನ್ನು ಮೊದಲೇ ಕೇಳಿ. ಆರ್ಥೊಡಾಕ್ಸ್ ಆರಾಧನೆಗೆ ಹೋದರೆ ಕೊನೆಯಲ್ಲಿ ಆಂತಿದೋರೋನ್ ಅನ್ನುವ ಆಶೀರ್ವದಿಸಿದ ರೊಟ್ಟಿಯನ್ನು ಅತಿಥಿಗಳಿಗೂ ಕೊಡುವ ಪದ್ಧತಿ ಹಲವು ಕಡೆ ಇದೆ. ಅದು ಕರ್ತನ ಭೋಜನವಲ್ಲ. ಆದರೂ ಕೈ ಖಾಲಿ ಇರುವುದಿಲ್ಲ.

ಒಂದು ಎಚ್ಚರಿಕೆ. ಇಂಥ ಗುಂಪುಗಳಲ್ಲಿ ಯಾರಿಗಾದರೂ, ‘ಸಭೆಗಳ ಗೊಡವೆ ಯಾಕೆ, ನಾವೇ ಗುರುವಾರ ರೊಟ್ಟಿ ಮುರಿಯೋಣ’ ಅಂತ ಹೊಳೆಯುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹೊಳೆಯುತ್ತದೆ. ಮಾಡಬೇಡಿ. ನಿಮ್ಮ ಕ್ಯಾಥೊಲಿಕ್ ಗೆಳತಿ ಆ ಹುಡುಗನ ತಾಯಿಯ ಸ್ಥಿತಿಗೆ ಬರುತ್ತಾಳೆ, ಅದೂ ನಾಲ್ಕು ಜನ ಗೆಳತಿಯರ ಎದುರು.

ಗುಂಪಿನ ಗತಿ ಏನು? ನಿಲ್ಲಿಸಿಬಿಡಬಹುದು, ಅದರಿಂದ ಜಗಳ ನಿಲ್ಲುತ್ತದೆ. ಆದರೆ ಮುಂದೆ ಯಾರಾದರೂ ಆಸ್ಪತ್ರೆ ಸೇರಿದರೆ ರಾತ್ರಿ ಯಾರು ಕೂರುತ್ತಾರೆ? ದೀಕ್ಷಾಸ್ನಾನ, ಮರಿಯಮ್ಮ, ಅನ್ಯಭಾಷೆ (ಪ್ರಾರ್ಥನೆಯಲ್ಲಿ ಗೊತ್ತಿಲ್ಲದ ಭಾಷೆ ಆಡುವುದು) ಇವುಗಳನ್ನೆಲ್ಲ ಎತ್ತಲೇಬಾರದು ಅಂತ ನಿಯಮ ಮಾಡಬಹುದು. ಎಷ್ಟೋ ಗುಂಪುಗಳು ಹೀಗೇ ನಡೆಯುತ್ತವೆ, ನಿಮ್ಮದೂ ಆರು ವರ್ಷ ನಡೆಯಿತು. ಆದರೆ ಒಳಗಿಟ್ಟ ಮಾತು ಪ್ರಾರ್ಥನೆಯ ರೂಪದಲ್ಲಿ ಹೊರಗೆ ಬರುತ್ತದೆ. ‘ಕರ್ತನೇ, ಈ ಸಹೋದರಿಯ ಕಣ್ಣು ತೆರೆಯಿಸು’ ಅಂತ ಎದುರಿಗೇ ಕೂತು ಪ್ರಾರ್ಥಿಸುವವರನ್ನು ನಾನು ನೋಡಿದ್ದೇನೆ. ಜಗಳವಾಡಿದರೂ ಪರವಾಗಿಲ್ಲ, ಪ್ರಾರ್ಥನೆಯಲ್ಲಿ ಚುಚ್ಚಬಾರದು.

ನಾನಾಗಿದ್ದರೆ ಒಂದು ಗುರುವಾರ ಈ ಮಾತಿಗೇ ಅಂತ ಇಡುತ್ತಿದ್ದೆ. ಒಂದೇ ಗುರುವಾರ. ಯಾರೂ ವಾದ ಮಾಡಬೇಕಿಲ್ಲ. ಪ್ರತಿಯೊಬ್ಬಳೂ ತನ್ನ ದೀಕ್ಷಾಸ್ನಾನದ ಕಥೆ ಹೇಳಲಿ. ಯಾವಾಗ ಆಯಿತು, ಯಾರು ಜೊತೆಗಿದ್ದರು, ಈಗ ಅದು ತನಗೆ ಏನು. ಆಮೇಲೆ ಪೆಂತೆಕೋಸ್ತ ಗೆಳತಿ ನಿಮ್ಮ ಸಭೆ ಶಿಶುಗಳಿಗೆ ಯಾಕೆ ಕೊಡುತ್ತದೆ ಅಂತ ವಿವರಿಸಲಿ, ನೀವು ಅವಳ ಸಭೆಯ ಕಾರಣ ವಿವರಿಸಿ. ‘ಹೌದು, ನಾವು ಹೇಳುವುದು ಇದನ್ನೇ’ ಅಂತ ಎದುರಿನವಳು ಅನ್ನುವ ತನಕ ಬಿಡಬಾರದು. ಕ್ಯಾಥೊಲಿಕ್ ಗೆಳತಿ ನಮೋ ಮರಿಯಾ ಅನ್ನುವುದರ ಬಗ್ಗೆಯೂ ಅದೇ ಸಂಜೆ ಕೇಳಿ. ನಾನು ನಿನಗೆ ನನಗೋಸ್ಕರ ಪ್ರಾರ್ಥಿಸು ಅನ್ನುವ ಹಾಗೇ ಮರಿಯಮ್ಮನಿಗೂ ಅನ್ನುತ್ತೇನೆ, ಆರಾಧನೆ ದೇವರಿಗೆ ಮಾತ್ರ ಅಂತ ಅವಳು ಹೇಳಬಹುದು. ಅದನ್ನು ನೀವು ಒಪ್ಪಬೇಕಿಲ್ಲ. ಅವಳು ಹೇಳದೇ ಇದ್ದದ್ದನ್ನು ಅವಳ ಬಾಯಲ್ಲಿ ಹಾಕದಿದ್ದರೆ ಸಾಕು. ಅವತ್ತಿನ ಮೇಲೆ ಒಂದು ಕರಾರು ಇರಲಿ. ಗುಂಪಿನ ಹೊತ್ತಿನಲ್ಲಿ ಯಾರೂ ಯಾರನ್ನೂ ತಮ್ಮ ಸಭೆಗೆ ಎಳೆಯುವುದಿಲ್ಲ. ಬೇರೆ ಹೊತ್ತಿನಲ್ಲಿ ಯಾರಾದರೂ ತಾವಾಗಿ ಕೇಳಿದರೆ ಹೇಳಬಹುದು.

ಇಷ್ಟು ಮಾಡಿದರೂ ಮತ ಬದಲಾಗದೆ ಇರಬಹುದು. ಇಂಗ್ಲೆಂಡಿನ ಪ್ರಸಿದ್ಧ ಪ್ರಸಂಗಿಗಳಾದ ಜಾನ್ ವೆಸ್ಲಿ ಮತ್ತು ಜಾರ್ಜ್ ವೈಟ್‌ಫೀಲ್ಡ್, ದೇವರು ಯಾರನ್ನು ರಕ್ಷಿಸುತ್ತಾನೆ ಅಂತ ಮೊದಲೇ ಆರಿಸಿಟ್ಟಿದ್ದಾನಾ ಅನ್ನುವ ಪ್ರಶ್ನೆಗೆ 1739ರಿಂದ ಜಗಳವಾಡಿದರು, ಅಚ್ಚು ಹಾಕಿಸಿಯೇ ಜಗಳವಾಡಿದರು. ಕೆಲಕಾಲ ಒಟ್ಟಿಗೆ ಸೇವೆ ಮಾಡುವುದೂ ನಿಂತಿತ್ತು. ಕೊನೆಯವರೆಗೂ ಇಬ್ಬರೂ ತಮ್ಮ ಮಾತು ಬಿಡಲಿಲ್ಲ. 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್‌ನಲ್ಲಿ ಅವರ ನೆನಪಿನ ಪ್ರಸಂಗ ಮಾಡಿದವರು ವೆಸ್ಲಿ.

ಎಲ್ಲವನ್ನೂ ಸಹಿಸಿಕೊಂಡು ಇರಿ ಅಂತಲೂ ನಾನು ಹೇಳುತ್ತಿಲ್ಲ. ಯೇಸು ಯಾರು ಅನ್ನುವುದರ ಬಗ್ಗೆಯೇ ಬೇರೆ ಉಪದೇಶ ಶುರುವಾದರೆ, ಮನೆಯವರ ಜೊತೆ ಮಾತು ಬಿಡಿ ಅಂದರೆ, ಹಣಕ್ಕೋ ಹೆದರಿಸುವುದಕ್ಕೋ ಪ್ರಾರ್ಥನೆಯನ್ನು ಬಳಸಿದರೆ, ಪ್ರತಿ ಗುರುವಾರವೂ ನಿಮ್ಮನ್ನು ತಿದ್ದುವ ತರಗತಿಯಾದರೆ ಹೊರಗೆ ಬನ್ನಿ. ನಿಮ್ಮ ಪತ್ರದಲ್ಲಿ ಇವು ಯಾವುದೂ ನನಗೆ ಕಾಣಲಿಲ್ಲ. ಕಂಡದ್ದು ನಾಲಿಗೆ ಸ್ವಲ್ಪ ಹರಿತವಾದ ಒಬ್ಬ ಗೆಳತಿ. ಅವಳಿಗೆ ಈ ವಾರವೇ ಒಂದು ಮಾತು ಹೇಳಿ: ‘ನನ್ನ ದೀಕ್ಷಾಸ್ನಾನದ ಬಗ್ಗೆ ನಿನಗೆ ಬೇರೆ ಅಭಿಪ್ರಾಯ ಇರಲಿ. ಆದರೆ ನಾನು ಕ್ರಿಸ್ತನವಳಾ ಅಲ್ಲವಾ ಅಂತ ನೀನು ಏನು ಅಂದುಕೊಂಡಿದ್ದೀಯ, ಅದನ್ನು ನನಗೆ ಹೇಳು.’ ಹೌದು, ನೀನು ಕ್ರಿಸ್ತನವಳೇ ಅಂತ ಅವಳು ಅಂದರೆ ಉಳಿದದ್ದು ಮಾತಾಡಿ ತೀರುವ ವಿಷಯ. ಅವಳು ಹಿಂಜರಿದರೆ ನಿಮಗೆ ನೋವಾಗುತ್ತದೆ. ಆಗಲೂ ಅದು ಬಾಯಿಬಿಟ್ಟು ಹೇಳಿದ ನೋವು, ಮೂರು ವಾರ ಒಳಗೇ ಇಟ್ಟುಕೊಂಡದ್ದಕ್ಕಿಂತ ವಾಸಿ.

ಕೊನೆಯದು, ಮುಂದಿನ ತಿಂಗಳ ದೀಕ್ಷಾಸ್ನಾನ. ಹೋದರೆ ನನ್ನ ಸಭೆಗೆ ದ್ರೋಹವಾ ಅಂತ ನಿಮಗೆ ಚಿಂತೆ. ನೋಡಲು ಹೋಗುವುದು ಒಪ್ಪಿ ಸಹಿ ಹಾಕಿದ ಹಾಗಲ್ಲ. ಕ್ಯಾಥೊಲಿಕ್ ಪೂಜೆಯಲ್ಲಿ ಕೂತಿದ್ದಿರಲ್ಲ, ಅದರಿಂದ ನೀವು ಕ್ಯಾಥೊಲಿಕ್ ಆಗಲಿಲ್ಲ. ಹೋಗುವ ಮೊದಲು ಅವಳಿಗೆ, ‘ನನಗೆ ಇದು ಬೇಕು ಅನ್ನಿಸಿಲ್ಲ, ಆದರೂ ನಿನಗೋಸ್ಕರ ಬರುತ್ತೇನೆ’ ಅಂತ ಹೇಳಿಬಿಡಿ, ಆಮೇಲೆ ತಪ್ಪು ತಿಳಿಯುವುದು ಬೇಡ. ಅಲ್ಲಿ ಯಾರಾದರೂ ‘ನೀವೂ ಇಳಿಯಿರಿ’ ಅಂತ ಒತ್ತಾಯ ಮಾಡಬಹುದು. ನಗುತ್ತಾ ಬೇಡ ಅನ್ನಿ. ಇಂಥ ಕಡೆ ಯಾವಾಗಲೂ ಒಂದು ಟವೆಲ್ ಕಡಿಮೆ ಬೀಳುತ್ತದೆ, ಮನೆಯಿಂದ ಒಂದು ತಗೊಂಡು ಹೋಗಿ. ಅವಳು ನೀರಿನಿಂದ ಎದ್ದು ಬಂದಾಗ ಹತ್ತಿರ ನಿಂತಿರಿ.